ಸಂಪಾದಕರ ಉತ್ತರ: ಗೋವಾದ ಪೊದೇರ್ ನಮ್ಮ ಕಡೆ ಯಾಕೆ ಇಲ್ಲ?

ಉಡುಪಿ ಜಿಲ್ಲೆಯ ಶಿರ್ವದ ಓದುಗರೊಬ್ಬರ ಪತ್ರ: "ಮಡಗಾಂವ್ ಹತ್ತಿರದ ನೆಂಟರ ಮನೆಯಲ್ಲಿ ನಾಲ್ಕು ದಿನ ಇದ್ದೆ. ಬೆಳಗಾಗುವ ಮೊದಲೇ ಸೈಕಲ್ ಹಾರ್ನ್ ಪೋಂ ಪೋಂ ಅನ್ನುತ್ತಿತ್ತು. ಪೊದೇರ್, ಅಂದರೆ ಪಾವ್ ಸುಟ್ಟು ಮಾರುವವನು, ಬಿಸಿ ಪಾವ್ ಬಾಗಿಲಿಗೇ ತರುತ್ತಿದ್ದ. ನಮ್ಮ ಹಿರಿಯರೂ ಗೋವಾದಿಂದಲೇ ಬಂದವರಲ್ವಾ? ಹಾಗಿದ್ದರೆ ನಮ್ಮ ಕಡೆ ಪೊದೇರ್ ಯಾಕೆ ಇಲ್ಲ? ಮಗ ಮಾತ್ರ, ಬ್ರೆಡ್ ಅಂದರೆ ಮೈದಾ, ಹೋದರೆ ಹೋಗಲಿ ಅನ್ನುತ್ತಾನೆ. ನೀವೇನು ಹೇಳುತ್ತೀರಿ?"

ನಿಮ್ಮ ಪತ್ರ ಓದಿ ತುಂಬಾ ಸಂತೋಷವಾಯಿತು. ಈ ವಿಷಯದ ಮೇಲೆ ನನಗೆ ಪ್ರೀತಿ ಜಾಸ್ತಿ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಪೋರ್ಚುಗೀಸರು ಗೋವಾವನ್ನು ಹಿಡಿದದ್ದು 1510ರಲ್ಲಿ, ಬಿಟ್ಟದ್ದು 1961ರ ಡಿಸೆಂಬರಿನಲ್ಲಿ. ನಾನೂರೈವತ್ತು ವರ್ಷ ಅವರ ಊಟದ ಮೇಜಿಗೆ ದಿನವೂ ಪಾವ್ ಬೇಕಿತ್ತು. ಆ ಕೆಲಸ ಕಲಿತವರು ದಕ್ಷಿಣ ಗೋವಾದ ಸಾಷ್ಟಿ ತಾಲೂಕಿನ ಜನ. ಮಜೋರ್ಡಾ ಹಳ್ಳಿಯ ಹೆಸರು ಇವತ್ತಿಗೂ ಅದಕ್ಕೇ ಪ್ರಸಿದ್ಧ. ಹಿಟ್ಟು ಹುದುಗಿಸಲು ಅಂಗಡಿಯ ಯೀಸ್ಟ್ ಇರಲಿಲ್ಲ, ತೆಂಗಿನ ಮರದ ಸೂರ್, ಅಂದರೆ ಕಳ್ಳು, ಇತ್ತು. ಕಳ್ಳಿನಲ್ಲಿ ತಾನಾಗಿಯೇ ಇರುವ ಯೀಸ್ಟ್ ಹಿಟ್ಟನ್ನು ನಿಧಾನವಾಗಿ ಉಬ್ಬಿಸುತ್ತದೆ, ಜೊತೆಗೆ ಸಣ್ಣ ಹುಳಿಯನ್ನೂ ಕೊಡುತ್ತದೆ. ಕಟ್ಟಿಗೆಯ ಬೆಂಕಿಯಲ್ಲಿ ಭಟ್ಟಿಯ ನೆಲ, ಗುಮ್ಮಟ ಎರಡೂ ಕಾಯಬೇಕು. ಆಮೇಲೆ ಕೆಂಡ ಸರಿಸಿ, ಉದ್ದ ಹಿಡಿಯ ಮರದ ಹಲಗೆಯಿಂದ ಹಿಟ್ಟನ್ನು ಒಳಗೆ ತಳ್ಳುತ್ತಾರೆ. ಊರು ಮಲಗಿರುವಾಗ ನಡೆಯುವ ಕೆಲಸ ಇದು.

ಆದರೆ ಪೊದೇರನನ್ನು ಊರಿನವನನ್ನಾಗಿ ಮಾಡಿದ್ದು ಬರೀ ರುಚಿಯಲ್ಲ. ಅವನು ದಿನಕ್ಕೆ ಎರಡು ಸಲ ಮನೆ ಮುಂದೆ ಬರುತ್ತಾನೆ. ಯಾವ ಮನೆಗೆ ಎಷ್ಟು ಉಂಡೊ ಎಂಬ ದುಂಡು ಪಾವ್, ಯಾವ ಅಜ್ಜನಿಗೆ ಚಹಾಕ್ಕೆ ಅದ್ದಿಕೊಳ್ಳಲು ಬಳೆಯಂಥ ಗಟ್ಟಿ ಕಾಂಕಣ್, ಯಾರಿಗೆ ಸಕ್ಕರೆ ಕಾಯಿಲೆ ಇರುವುದರಿಂದ ತೌಡು ಉದುರಿಸಿದ ಪೊಯ್, ಎಲ್ಲ ಅವನಿಗೆ ಗೊತ್ತಿರುತ್ತದೆ. ಒಂದು ಮನೆಯಲ್ಲಿ ಎರಡು ಪಾವ್ ಜಾಸ್ತಿ ತೆಗೆದುಕೊಂಡರೆ ನೆಂಟರು ಬಂದಿದ್ದಾರೆಂದು ಅವನಿಗೇ ಮೊದಲು ತಿಳಿಯುತ್ತದೆ. ಮದುವೆಗೆ ಬೋಲ್ ಎಂಬ ಸಿಹಿ ರೊಟ್ಟಿ ಬೇಕು. ಅದಕ್ಕೂ ಅವನನ್ನೇ ಕೇಳಬೇಕು.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಹದಿನಾರನೇ ಶತಮಾನದಿಂದ ಗುಂಪು ಗುಂಪಾಗಿ ದಕ್ಷಿಣಕ್ಕೆ ಬಂದ, ಕೊಂಕಣಿ ಕ್ರೈಸ್ತರಾದ ನಿಮ್ಮ ಹಿರಿಯರಲ್ಲಿ ಹೆಚ್ಚಿನವರು ಇಲ್ಲಿ ಗದ್ದೆ ಮಾಡಿ ಬದುಕಿದರು. ನಮ್ಮ ಕರಾವಳಿಯಲ್ಲಿ ಗೋಧಿ ಬೆಳೆಯುವುದಿಲ್ಲ. ಬೆಳಗ್ಗೆ ಕುಚ್ಚಲಕ್ಕಿ ಗಂಜಿ ಕುಡಿಯುವ ಮನೆಗೆ ಪೊದೇರ್ ಏನು ಮಾರಬೇಕು? ಪೋರ್ಚುಗೀಸರು ಇಲ್ಲಿ ಕೋಟೆ ಕಟ್ಟಿದರು, ಅಕ್ಕಿ, ಮೆಣಸಿನ ವ್ಯಾಪಾರ ಮಾಡಿದರು. ಗೋವಾದ ಹಾಗೆ ಬೇರುಬಿಡಲಿಲ್ಲ. ಆದರೆ ಸೂರ್ ಹಾಕಿ ಹುದುಗಿಸುವ ಕೈಗುಣ ಇಲ್ಲೂ ಇದೆ. ಹಬ್ಬದ ದಿನ ನಿಮ್ಮ ಮನೆಯಲ್ಲಿ ಉಬ್ಬುವ, ಇಡ್ಲಿಯಂಥ ಸನ್ನಾಂ ಅದೇ ಅಲ್ವಾ? ಅಲ್ಲಿ ಗೋಧಿಗೆ ಬಿದ್ದ ಕಳ್ಳು ಇಲ್ಲಿ ಅಕ್ಕಿಗೆ ಬಿತ್ತು ಎಂದು ನಾನು ತಿಳಿಯುತ್ತೇನೆ. ಕುಸ್ವಾರ್ ಎಂಬ ಕ್ರಿಸ್ಮಸ್ ತಿಂಡಿಗಳಿಗೂ ಭಟ್ಟಿ ಅಷ್ಟಾಗಿ ಬೇಕಾಗಲಿಲ್ಲ. ನೆವ್ರ್ಯೊ, ಕಿಡಿಯೊ, ಕೊಕ್ಕಿಸಾಂ ಎಲ್ಲ ಎಣ್ಣೆಯಲ್ಲಿ ಕರಿಯುವಂಥವು. ಮನೆಯ ಬಾಣಲೆಯೇ ಸಾಕಿತ್ತು.

ಹಾಗಂತ ನಮ್ಮ ಕಡೆ ಬ್ರೆಡ್ಡಿಗೆ ಜಾಗವೇ ಇರಲಿಲ್ಲ ಅಂದುಕೊಳ್ಳಬೇಡಿ. ಜ್ವರ ಬಂದರೆ ಹಾಲಿಗೆ ಅದ್ದಿದ ಬ್ರೆಡ್. ಆಸ್ಪತ್ರೆಯಲ್ಲಿರುವವರನ್ನು ನೋಡಲು ಹೋಗುವಾಗ ಕೈಯಲ್ಲಿ ಬ್ರೆಡ್ಡು, ಬನ್ನಿನ ಪೊಟ್ಟಣ. ಸಂಜೆ ಚಹಾಕ್ಕೆ ರಸ್ಕ್. ಜೂನ್ 13ರ ಸಂತ ಅಂತೋನಿ ಹಬ್ಬಕ್ಕೆ ಆಶೀರ್ವಾದ ಮಾಡಿ ಹಂಚುವ ಪುಟ್ಟ ರೊಟ್ಟಿ. ಗೋವಾದಲ್ಲಿ ಅದು ದಿನದ ಊಟ, ನಮ್ಮಲ್ಲಿ ಕಷ್ಟಕ್ಕೂ ಹಬ್ಬಕ್ಕೂ ಬರುವ ತಿಂಡಿ. ಇದು ಸಣ್ಣ ಸ್ಥಾನ ಎಂದು ನನಗೆ ಅನಿಸುವುದಿಲ್ಲ.

ನಿಮ್ಮ ಮಗ ಹೇಳುವುದರಲ್ಲಿ ಅರ್ಧ ಸತ್ಯವಿದೆ. ಮೈದಾದಲ್ಲಿ ತೌಡೂ ಇಲ್ಲ, ನಾರೂ ಕಡಿಮೆ. ಹಿಟ್ಟು ಚೆನ್ನಾಗಿ ಉಬ್ಬಲೆಂದು ಹಾಕುತ್ತಿದ್ದ ಪೊಟ್ಯಾಸಿಯಂ ಬ್ರೋಮೇಟನ್ನು 2016ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ನಿಷೇಧಿಸಬೇಕಾಯಿತು. ಆದರೆ ಆ ದೂರನ್ನು ರಾತ್ರಿಯಿಡೀ ಕಾದು ಪೊಯ್ ಸುಡುವವನ ಮೇಲೆ ಹೊರಿಸಬಾರದು. ಅವನ ಪೊಯ್‌ಯಲ್ಲಿ ತೌಡು ಇದೆ. ಅವನಿಗೆ ಇರುವ ಕಷ್ಟ ಬೇರೆ. ಕಳ್ಳು ಇಳಿಸುವವರು ಕಡಿಮೆಯಾದರು, ಹಾಗಾಗಿ ಅಂಗಡಿಯ ಯೀಸ್ಟ್ ಬಂತು. ಕಟ್ಟಿಗೆ ದುಬಾರಿಯಾಯಿತು. ಮಕ್ಕಳಿಗೆ ನಿದ್ದೆಗೆಡುವ ಕೆಲಸ ಬೇಡ. ಈಗ ಅಲ್ಲಿನ ಎಷ್ಟೋ ಭಟ್ಟಿಗಳಲ್ಲಿ ಹಿಟ್ಟು ನಾದುವವರು, ಸೈಕಲ್ ತುಳಿಯುವವರು ನಮ್ಮ ಕರ್ನಾಟಕದಿಂದ ಹೋದ ಹುಡುಗರು. ನಿಮ್ಮನ್ನು ಎಬ್ಬಿಸಿದ ಹಾರ್ನ್ ಕೂಡ ಅಂಥ ಒಬ್ಬ ಹುಡುಗನದೇ ಇರಬಹುದು. ಮುಂದಿನ ಸಲ ಹೋದಾಗ ಕನ್ನಡದಲ್ಲಿ ಮಾತಾಡಿಸಿ ನೋಡಿ.

"ಹೋದರೆ ಹೋಗಲಿ" ಅನ್ನುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಭಟ್ಟಿಯನ್ನು ಬೇಕಾದಾಗ ಹಚ್ಚಿ, ಬೇಡವಾದಾಗ ಆರಿಸಲು ಆಗದು. ತಣ್ಣಗಾದ ಭಟ್ಟಿಯನ್ನು ಮತ್ತೆ ಪೂರ್ತಿ ಕಾಯಿಸಲು ತುಂಬಾ ಕಟ್ಟಿಗೆ ಸುಡಬೇಕು. ಹತ್ತು ರೊಟ್ಟಿಗೂ ನೂರು ರೊಟ್ಟಿಗೂ ಆ ಖರ್ಚು ಹೆಚ್ಚುಕಮ್ಮಿ ಒಂದೇ. ಹಬ್ಬಕ್ಕೆ ಮಾತ್ರ ಬರುವ ಗಿರಾಕಿಯಿಂದ ಬೇಕರಿ ನಡೆಯುವುದಿಲ್ಲ. ದಿನವೂ ನಾಲ್ಕು ಬನ್ ಒಯ್ಯುವವರಿಂದ ನಡೆಯುತ್ತದೆ.

ನಿಮ್ಮ ಸುತ್ತಮುತ್ತ ಕಟ್ಟಿಗೆ ಭಟ್ಟಿಯ ಬೇಕರಿ ಇನ್ನೂ ಇದ್ದರೆ, ದಯವಿಟ್ಟು ಅಲ್ಲಿಂದಲೇ ತನ್ನಿ. ಬ್ರೆಡ್ ಹೊರಬರುವ ಹೊತ್ತು ಕೇಳಿಕೊಂಡು ಹೋಗಿ. ಮಗನನ್ನೂ ಕರೆದುಕೊಂಡು ಹೋಗಿ, ಗೋಧಿ ಹಿಟ್ಟಿನದು ಮಾಡಿಕೊಡುತ್ತೀರಾ ಎಂದು ಅವನೇ ಕೇಳಲಿ. ಖಾಯಂ ಗಿರಾಕಿ ಕೇಳಿದರೆ ಮಾಡಿಕೊಡುವವರು ಇದ್ದಾರೆ. ಅವರು ಏನು ಹೇಳಿದರೆಂದು ನಮಗೂ ಬರೆಯಿರಿ. ಬೇಕರಿಯವರು ಒಪ್ಪಿದರೆ ಅವರ ಭಟ್ಟಿಯ ಬಗ್ಗೆ ಫೋಟೋ ಸಮೇತ ಒಂದು ಪುಟ ಹಾಕೋಣ.