ಕೂರುವಾಗ ಸ್ಟೂಲು ಎಳೆದರೆ: ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಪ್ರಿಯ ಓದುಗರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪ್ಲೇಟೋನ ‘ಯೂಥಿಡೀಮಸ್’ ಸಂವಾದದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ನಿಮಗೆ ಬೇಸರ ತರಿಸಿದೆ. “ಒಂದೇ ಪದಕ್ಕೆ ಎರಡು ಅರ್ಥ ಹಿಡಿದು ಎಳೆದಾಡುವುದೂ ತತ್ವಶಾಸ್ತ್ರವಾ? ಈ ಆಟಕ್ಕೆ ನಾಲ್ಕು ಪುಟ ಯಾಕೆ?” ಎಂದು ಕೇಳಿದ್ದೀರಿ. ‘ಕಲಿಯುವವರು ಬಲ್ಲವರೋ, ಅರಿಯದವರೋ’ ಎಂಬ ಪ್ರಶ್ನೆಯಲ್ಲಿ ಗೋಜಲೇ ಕಾಣಲಿಲ್ಲ ಎಂದೂ ಬರೆದಿದ್ದೀರಿ.

ಈ ಎರಡನೆಯ ಮಾತು ನಿಜ, ತಪ್ಪು ನಮ್ಮದು. ಅಲ್ಲಿರುವ ಗ್ರೀಕ್ ಪದ ‘ಮಂಥಾನೇಯಿನ್’. ಗೊತ್ತಿಲ್ಲದ್ದನ್ನು ಹೊಸದಾಗಿ ಕಲಿತರೂ ಅದೇ ಪದ, ಗೊತ್ತಿರುವುದರ ಬಲದಿಂದ ಒಂದು ಮಾತನ್ನು ಅರ್ಥ ಮಾಡಿಕೊಂಡರೂ ಅದೇ ಪದ. ನಾವು ಎಲ್ಲಾ ಕಡೆ ‘ಕಲಿಯುವುದು’ ಎಂದೇ ಹಾಕಿದ್ದೆವು. ಗಂಟು ಕಾಣುವುದಾದರೂ ಹೇಗೆ? ನಮ್ಮಲ್ಲೇ ‘ತಿಳಿ’ ಎಂಬ ಚೆಂದದ ಪದ ಇತ್ತು. ‘ಊರಿನ ಇತಿಹಾಸ ತಿಳಿದುಕೊಂಡೆ’ ಎನ್ನುತ್ತೇವೆ, ‘ನೀವು ಹೇಳಿದ್ದು ತಿಳಿಯಿತು’ ಅಂತಲೂ ಎನ್ನುತ್ತೇವೆ. ಅದನ್ನಿಟ್ಟುಕೊಂಡು ಆ ದೃಶ್ಯವನ್ನು ಇನ್ನೊಮ್ಮೆ ನೋಡೋಣ.

ಅಥೆನ್ಸ್‌ನ ಲೈಸಿಯಂ ವ್ಯಾಯಾಮಶಾಲೆ. ಯೂಥಿಡೀಮಸ್, ಡಯೊನಿಸೊಡೋರಸ್ ಎಂಬ ಇಬ್ಬರು ಅಣ್ಣತಮ್ಮಂದಿರು, ವಾದದಲ್ಲಿ ಯಾರನ್ನಾದರೂ ಕೆಡವಬಲ್ಲೆವು ಎನ್ನುವವರು. ಎದುರಿಗೆ ಕ್ಲೀನಿಯಸ್ ಎಂಬ ಎಳೆಯ ಹುಡುಗ. “ತಿಳಿಯುವವರು ಯಾರಪ್ಪಾ, ಬಲ್ಲವರೋ, ಅರಿಯದವರೋ?” ಎಂದು ಯೂಥಿಡೀಮಸ್ ಕೇಳುತ್ತಾನೆ. ಹುಡುಗನ ಮುಖ ಕೆಂಪಾಗುತ್ತದೆ, ಸಾಕ್ರಟೀಸ್ ಕಡೆ ನೋಡುತ್ತಾನೆ. ಅಷ್ಟರಲ್ಲಿ ಡಯೊನಿಸೊಡೋರಸ್ ನಗುತ್ತಾ ಸಾಕ್ರಟೀಸ್ ಕಿವಿಯಲ್ಲಿ ಪಿಸುಗುಡುತ್ತಾನೆ: ಹುಡುಗ ಏನೇ ಹೇಳಲಿ, ಸಿಕ್ಕಿಬೀಳುವುದು ಗ್ಯಾರಂಟಿ.

ಹಾಗೇ ಆಗುತ್ತದೆ. “ಬಲ್ಲವರು” ಎನ್ನುತ್ತಾನೆ ಹುಡುಗ. ತಿಳಿಯುವ ಮೊದಲು ನಿನಗೆ ಗೊತ್ತಿರಲಿಲ್ಲ ತಾನೇ, ಹಾಗಾದರೆ ತಿಳಿಯುವವರು ಅರಿಯದವರೇ ಎಂದು ಯೂಥಿಡೀಮಸ್ ಕೆಡವುತ್ತಾನೆ. ಉಸಿರು ತೆಗೆದುಕೊಳ್ಳಲೂ ಬಿಡದೆ ಡಯೊನಿಸೊಡೋರಸ್ ಕೇಳುತ್ತಾನೆ: ಮೇಷ್ಟ್ರು ಪಾಠ ಹೇಳಿ ಬರೆಸುವಾಗ ಯಾವ ಮಕ್ಕಳಿಗೆ ತಿಳಿಯುತ್ತಿತ್ತು, ಚುರುಕಾದವರಿಗೆ ಅಲ್ವಾ? ಹಾಗಾದರೆ ಬಲ್ಲವರೇ! ಹಿಂದೆ ನಿಂತ ಶಿಷ್ಯರ ನಗು, ಕೂಗು.

ಹುಡುಗ ಮುಳುಗುತ್ತಿರುವುದು ಸಾಕ್ರಟೀಸನಿಗೆ ಕಾಣುತ್ತದೆ. ನೋಡು ಮಗೂ, ಇವರು ಒಂದೇ ಪದವನ್ನು ಎರಡು ರೀತಿ ಬಳಸಿದರು ಎಂದು ಬಿಡಿಸಿ ಹೇಳುತ್ತಾನೆ. ಇದೆಲ್ಲ ಬರೀ ಆಟ, ಕೂರಲು ಹೊರಟವರ ಸ್ಟೂಲನ್ನು ಹಿಂದಿನಿಂದ ಎಳೆದು, ಅಂಗಾತ ಬಿದ್ದಾಗ ನಕ್ಕ ಹಾಗೆ ಎನ್ನುತ್ತಾನೆ. ‘ಆಟ’ ಎಂಬ ನಿಮ್ಮ ಮಾತನ್ನೇ ಅವನೂ ಆಡಿದ್ದಾನೆ ನೋಡಿ! ಆದರೆ ಆಟ ಎಂದು ಬೈದು ಸುಮ್ನೆ ಎದ್ದುಹೋಗಲಿಲ್ಲ. ಸ್ಟೂಲು ಎಳೆದ ಕೈ ಯಾವುದು ಎಂದು ತೋರಿಸಿದ. ನನಗೆ ಆ ಸಂವಾದದಲ್ಲಿ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗುವ ಜಾಗ ಇದು.

ಆ ಕೈಯನ್ನು ಹಿಡಿಯುವುದು ಹೇಗೆ ಎಂದು ಆಮೇಲೆ ಬರೆದಿಟ್ಟವನು ಅರಿಸ್ಟಾಟಲ್ (ಕ್ರಿ.ಪೂ. 384–322). ಪದಗಳಿಗೆ ಲೆಕ್ಕ ಉಂಟು, ವಸ್ತುಗಳಿಗೆ ಲೆಕ್ಕವಿಲ್ಲ. ಹಾಗಾಗಿ ಒಂದೇ ಪದ ಹಲವನ್ನು ಹೊರಲೇಬೇಕು ಎನ್ನುತ್ತಾನೆ ಅವನು. ಹರಳಿಟ್ಟು ಎಣಿಸುವಾಗ ಹರಳಿನ ಲೆಕ್ಕ ಬಾರದವನು ಮೋಸ ಹೋಗುವಂತೆ, ಪದದ ಬಲ ಅರಿಯದವನೂ ಮೋಸ ಹೋಗುತ್ತಾನೆ.

ಅವನು ಕೊಡುವ ಒಂದು ಪರೀಕ್ಷೆ ಬಹಳ ಸುಲಭ: ಪದದ ವಿರುದ್ಧ ಪದ ಹುಡುಕಿ. ಗ್ರೀಕಿನಲ್ಲಿ ದನಿಯೂ ‘ಚೂಪು’, ಮೊನೆಯೂ ‘ಚೂಪು’. ಆದರೆ ಚೂಪು ದನಿಯ ವಿರುದ್ಧ ‘ಭಾರದ’ ದನಿ, ಚೂಪು ಮೊನೆಯ ವಿರುದ್ಧ ಮೊಂಡು. ವಿರುದ್ಧ ಎರಡಾದರೆ ಅರ್ಥವೂ ಎರಡು. ನಮ್ಮ ‘ಗಟ್ಟಿ’ಯನ್ನೇ ಹೀಗೆ ನೋಡಿ. ಗಟ್ಟಿ ದನಿಗೆ ಮೆಲುದನಿ, ಗಟ್ಟಿ ಮೊಸರಿಗೆ ನೀರು ಮೊಸರು, ಗಟ್ಟಿ ಹಾಸಿಗೆಗೆ ಮೆತ್ತನೆ ಹಾಸಿಗೆ.

ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳಬೇಕು ಎಂದರೆ, ನ್ಯಾಯದ ಮಾತು ಬಂದಾಗ ಬೇಕಾಗುತ್ತದೆ. ಗ್ರೀಕಿನ ‘ಕ್ಲೈಸ್’ ಬೀಗದ ಕೈಯೂ ಹೌದು, ಕತ್ತಿನ ಕೆಳಗಿನ ಕೊರಳೆಲುಬೂ ಹೌದು. ಯಾರೂ ಇವೆರಡನ್ನು ಗೊಂದಲ ಮಾಡಿಕೊಳ್ಳುವುದಿಲ್ಲ, ಅರ್ಥಗಳು ಅಷ್ಟು ದೂರ. ಆದರೆ ‘ಅನ್ಯಾಯಗಾರ’ ಎಂದರೆ ಕಾನೂನು ಮುರಿದವನೂ ಹೌದು, ತನ್ನ ಪಾಲಿಗಿಂತ ಹೆಚ್ಚು ಬಾಚಿಕೊಂಡವನೂ ಹೌದು. ಈ ಎರಡು ಅರ್ಥ ಅಕ್ಕಪಕ್ಕ ಕೂತಿವೆ, ಅದಕ್ಕೇ ಎರಡೆಂದು ಗೊತ್ತಾಗುವುದಿಲ್ಲ ಎನ್ನುತ್ತಾನೆ ಅರಿಸ್ಟಾಟಲ್. ಇವನ್ನು ಬೇರೆ ಮಾಡಿದ ಮೇಲೆಯೇ ಅವನು ನ್ಯಾಯದ ಚರ್ಚೆಯಲ್ಲಿ ಮುಂದೆ ಹೋಗುತ್ತಾನೆ.

ಮುಂದಿನ ಸಂಚಿಕೆಯಲ್ಲಿ ಆ ಪುಟವನ್ನು ‘ತಿಳಿ’ ಹಾಕಿ ಮತ್ತೆ ಅಚ್ಚು ಮಾಡುತ್ತೇವೆ. ಆಗ ಸಂವಾದವನ್ನು ಕೊನೆಯತನಕ ಓದಿ ನೋಡಿ. ಮೊದಲು ಮುಖ ಕೆಂಪಾಗಿ ತಡವರಿಸಿದ ಕ್ಲೀನಿಯಸ್ ಆಮೇಲೆ ಎಷ್ಟು ಒಳ್ಳೆಯ ಉತ್ತರ ಕೊಡುತ್ತಾನೆ ಎಂದರೆ, ಸಾಕ್ರಟೀಸನ ಬಾಯಿಂದ ಈ ಕಥೆಯನ್ನೆಲ್ಲ ಕೇಳುತ್ತಿದ್ದ ಅವನ ಗೆಳೆಯ ಕ್ರೀಟೋ ತಡೆದು, “ಏನು, ಆ ಹುಡುಗನೇ ಹೀಗೆ ಹೇಳಿದನಾ?” ಎಂದು ಕೇಳುತ್ತಾನೆ.

— ಸಂಪಾದಕ