ಸ್ಫೂರ್ತಿಯ ಲೇಖನ ಯಾಕೆ ಹಾಕುವುದಿಲ್ಲ?

ಓದುಗರ ಪತ್ರ: ‘ಎಲೆಚುಕ್ಕೆ ರೋಗ ಬಂದು ನನ್ನ ತಮ್ಮನ ಅಡಿಕೆ ತೋಟ ಅರ್ಧ ಹಾಳಾಗಿದೆ. ಸೊಸೈಟಿ ಸಾಲ ಬೆಳೆದಿದೆ. ಯಾರ ಮನೆಯ ಕಾರ್ಯಕ್ಕೂ ಬರುವುದಿಲ್ಲ. ಪಾಸಿಟಿವ್ ಆಗಿರು ಅಂತ ನಾವೆಲ್ಲ ದಿನಾ ಧೈರ್ಯ ಹೇಳುತ್ತೇವೆ. ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಒಳ್ಳೊಳ್ಳೆ ಮಾತು ಹಾಕುತ್ತೇವೆ. ಮೊನ್ನೆ “ನಾನಿಲ್ದಿದ್ರೆ ನಿಮಗೆಲ್ಲ ಹಗುರ” ಅಂದ. ಇಂಥವರಿಗಾಗಿ ಸ್ಫೂರ್ತಿ ತುಂಬುವ ಲೇಖನಗಳನ್ನು ಜಾಸ್ತಿ ಹಾಕಿ.’
— ತೀರ್ಥಹಳ್ಳಿ ಕಡೆಯ ಓದುಗರು

ಸಂಪಾದಕರ ಉತ್ತರ:

ಅಕ್ಕಾ, ನಮಸ್ಕಾರ. ಸಂಚಿಕೆ ಅಚ್ಚಾಗುವ ತನಕ ಕಾಯುವ ವಿಷಯವಲ್ಲ ಇದು, ಹಾಗಾಗಿ ಫೋನಿನಲ್ಲಿ ಮೊದಲೇ ಮಾತಾಡಿದ್ದೇವೆ. ಇಂಥ ಮನೆಗಳು ನಮ್ಮ ಕಡೆ ಇನ್ನೂ ಇವೆ. ಅದಕ್ಕೇ ನಿಮ್ಮ ಒಪ್ಪಿಗೆ ಕೇಳಿ, ಹೆಸರು ಬಿಟ್ಟು, ಇಲ್ಲೂ ಬರೆಯುತ್ತಿದ್ದೇನೆ.

ನಿಮಗೆ ಹೇಳಿದ್ದನ್ನೇ ಉಳಿದವರಿಗೂ ಹೇಳುತ್ತೇನೆ. ಮನೆಯಲ್ಲಿ ಯಾರಾದರೂ ಇಂಥ ಮಾತಾಡಿದರೆ ಅವತ್ತೇ 14416ಕ್ಕೆ ಫೋನ್ ಮಾಡಿ. ಅದು ಟೆಲಿ-ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಈಗಲೇ ಅಪಾಯ ಅನ್ನಿಸಿದರೆ ಅವರನ್ನು ಒಬ್ಬರೇ ಬಿಡಬೇಡಿ. 112ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ತೋಟದ ಔಷಧಿಗಳಿಗೆ ಬೀಗ ಹಾಕಿ, ಬೀಗದ ಕೈ ಬೇರೆ ಮನೆಯಲ್ಲಿರಲಿ.

ಇನ್ನು ನೀವು ಕೇಳಿದ ಲೇಖನಗಳು. ಅವನ್ನು ಹಾಕುವುದಿಲ್ಲ.

ತೋಟ ಹೋಯಿತು ಅನ್ನುವುದು ಒಂದು ಸಂಕಟ. ತೋಟ ಉಳಿಸಿಕೊಳ್ಳಲಾಗದವನು ನಾನು ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಸಾಲದ ಗಡುವು, ಪರಿಹಾರ ಅಂತ ಏನೋ ದಾರಿ ಹುಡುಕಬಹುದು. ಎರಡನೆಯದು ಒಳಗೆ ಹೊಕ್ಕರೆ ದಾರಿ ಕೇಳುವುದಕ್ಕೇ ಬಾಯಿ ಬರುವುದಿಲ್ಲ. ಎಲೆಚುಕ್ಕೆ ಶಿಲೀಂಧ್ರದ ರೋಗ, ಮಳೆ ಗಾಳಿಯಲ್ಲಿ ತೋಟದಿಂದ ತೋಟಕ್ಕೆ ಹಬ್ಬುತ್ತದೆ. ಹೊಸನಗರ, ತೀರ್ಥಹಳ್ಳಿ, ಶೃಂಗೇರಿ ಕಡೆ ಎಂಥ ಶ್ರದ್ಧೆಯ ಬೆಳೆಗಾರರನ್ನೂ ಬಿಟ್ಟಿಲ್ಲ. ಆದರೆ ಊರವರ ಮಾತೇ ಬೇರೆ. ‘ಟೈಮಿಗೆ ಸರಿಯಾಗಿ ಔಷಧಿ ಹೊಡೆದಿದ್ರೆ ಹೀಗಾಗ್ತಿತ್ತಾ?’ ಅಂತ ಒಬ್ಬರು. ‘ಅಡಿಕೆಗೆ ಇಷ್ಟು ರೇಟಿದೆ, ನಿಮಗೇನು ಬಿಡಿ’ ಅಂತ ಇನ್ನೊಬ್ಬರು. ಈ ಎರಡನೇ ಮಾತೇ ಜಾಸ್ತಿ ಚುಚ್ಚುತ್ತದೆ. ರೇಟು ಏರಿದ ವರ್ಷ ಕೊಯ್ಯಲು ಅಡಿಕೆ ಗೊನೆಯೇ ಇಲ್ಲದವನ ಕಷ್ಟ ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

ಅದರ ಮೇಲೆ ನಮ್ಮ ಮಲೆನಾಡಿನ ಒಂಟಿ ಮನೆಗಳು. ಮಳೆಗಾಲದಲ್ಲಿ ಒಬ್ಬ ಮನುಷ್ಯ ವಾರಗಟ್ಟಲೆ ಯಾರ ಕಣ್ಣಿಗೂ ಬೀಳದೆ ಇದ್ದುಬಿಡಬಹುದು, ಯಾರಿಗೂ ಅನುಮಾನ ಬರುವುದಿಲ್ಲ. ನಾಲ್ಕು ಜನ ಸಿಗುವುದು ಮದುವೆ, ಉಪನಯನ, ಸೊಸೈಟಿ ಮೀಟಿಂಗುಗಳಲ್ಲಿ. ಅಲ್ಲಿ ಎಲೆ ಮುಂದೆ ಕೂರುವ ಮೊದಲೇ ‘ತೋಟ ಹ್ಯಾಗಿದೆ?’ ಅಂತ ಕೇಳುತ್ತಾರೆ. ನಿಮ್ಮ ತಮ್ಮ ಯಾವ ಕಾರ್ಯಕ್ಕೂ ಬರದಿರುವುದು ನನಗೆ ಆಶ್ಚರ್ಯವಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಜಾಯ್ನರ್ 2005ರಲ್ಲಿ ಆತ್ಮಹತ್ಯೆಯ ಬಗ್ಗೆ ಬರೆಯುತ್ತಾ ಎರಡು ಭಾವನೆಗಳಿಗೆ ಒತ್ತು ಕೊಟ್ಟರು. ನಾನು ಎಲ್ಲರಿಗೂ ಹೊರೆ ಅನ್ನುವುದು ಒಂದು, ನಾನು ಯಾರಿಗೂ ಸೇರಿದವನಲ್ಲ ಅನ್ನುವುದು ಇನ್ನೊಂದು. ನಿಮ್ಮ ತಮ್ಮ ಮೊನ್ನೆ ಅಂದದ್ದು ಮೊದಲನೆಯದನ್ನೇ ಅಲ್ವಾ?

ಇಷ್ಟು ಹೊತ್ತುಕೊಂಡವರಿಗೆ ಬೆಳಿಗ್ಗೆ ಎದ್ದ ಕೂಡಲೇ ಮೊಬೈಲಿನಲ್ಲಿ ಸೂರ್ಯೋದಯದ ಚಿತ್ರ, ಕೆಳಗೆ ‘ಮನಸ್ಸಿದ್ದರೆ ಮಾರ್ಗ’. ಮಾರ್ಗ ಕಾಣುತ್ತಿಲ್ಲವಾದರೆ ನನ್ನ ಮನಸ್ಸೇ ಸರಿಯಿಲ್ಲ ಅಂತ ಅವರು ಅಂದುಕೊಳ್ಳುತ್ತಾರೆ. ತೋಟದಲ್ಲಿ ಸೋತದ್ದಲ್ಲದೆ ನಗುನಗುತ್ತಾ ಇರುವುದರಲ್ಲೂ ಸೋತ ಹಾಗಾಯಿತು. ಕೆನಡಾದ ಮನಶ್ಶಾಸ್ತ್ರಜ್ಞೆ ಜೋಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ‘ನಾನು ಪ್ರೀತಿಗೆ ಅರ್ಹ’ ಎಂಬಂಥ ಮಾತನ್ನು ಜನರಿಂದ ತಮಗೆ ತಾವೇ ಹೇಳಿಸಿದರು. ಮೊದಲೇ ಕೀಳರಿಮೆ ಇದ್ದವರಿಗೆ ಅದರಿಂದ ಬೇಜಾರು ಹೆಚ್ಚಾಯಿತು. ಚೆನ್ನಾಗಿದ್ದವರಿಗೆ ಮಾತ್ರ ಸ್ವಲ್ಪ ಹಿತವಾಯಿತು. (ಸ್ಫೂರ್ತಿಯ ಪುಸ್ತಕಗಳು ಮಾರಾಟವಾಗುವುದೂ ಇವರಿಂದಲೇ ಇರಬೇಕು.)

ಇನ್ನೂ ಸ್ವಲ್ಪ ದಿನ ಧೈರ್ಯ ಹೇಳಿದರೆ ಅವರು ‘ಆರಾಮಿದ್ದೀನಿ’ ಅನ್ನಲು ಕಲಿಯುತ್ತಾರೆ. ನಿಮಗೆಲ್ಲ ಸಮಾಧಾನವಾಗುತ್ತದೆ. ನನಗೆ ಹೆದರಿಕೆ ಇರುವುದು ಅದರ ಬಗ್ಗೆಯೇ.

ಹಾಗಾಗಿ ಸುಮ್ನೆ ಅವರ ಜೊತೆ ತೋಟಕ್ಕೆ ಹೋಗಿ. ಹೋದ ಮರಗಳನ್ನು ಅವರು ತೋರಿಸಿದರೆ ನೋಡಿ. ‘ಮತ್ತೆ ನೆಟ್ಟರಾಯ್ತು’ ಅಂತ ತಕ್ಷಣ ಹೇಳಬೇಡಿ. ‘ಸಾಯಬೇಕು ಅನ್ನಿಸ್ತಿದೆಯಾ?’ ಅಂತ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗುತ್ತದೆ ಅಂತ ಎಲ್ಲರೂ ಹೆದರುತ್ತಾರೆ, ಆದರೆ ಅಧ್ಯಯನಗಳಲ್ಲಿ ಹಾಗೆ ಕಂಡುಬಂದಿಲ್ಲ. ಹೌದು ಅಂದರೆ ‘ಹೆಂಡತಿ ಮಕ್ಕಳ ಮುಖ ನೋಡು’ ಅನ್ನಬೇಡಿ, ಅವರ ತಲೆ ಇನ್ನಷ್ಟು ತಗ್ಗುತ್ತದೆ. ಎಷ್ಟು ದಿನದಿಂದ ಹೀಗಿದೆ ಅಂತ ಕೇಳಿ, ಹೇಳುವಷ್ಟು ಹೊತ್ತು ಕೂತಿರಿ. ಸೊಸೈಟಿಗೆ ಮನೆಯವರು ಯಾರಾದರೂ ಜೊತೆಗೆ ಹೋಗಿ. ಸಾಲದ ಕಾಗದಗಳನ್ನು ಅವರೊಬ್ಬರೇ ರಾತ್ರಿ ತೆಗೆದು ನೋಡುವಂತಾಗಬಾರದು. ಇದಕ್ಕೆಲ್ಲ ಸಮಯ ಬೇಕು, ಧೈರ್ಯ ಹೇಳಲು ಎರಡು ನಿಮಿಷ ಸಾಕು. ನಾವೆಲ್ಲ ಧೈರ್ಯ ಹೇಳಿ ಎದ್ದುಬರುವುದು ಅದಕ್ಕೇ.

ಡಾಕ್ಟರ ವಿಷಯ. ಡಾ. ಅಶೋಕ್ ಪೈ ಶಿವಮೊಗ್ಗದಲ್ಲಿದ್ದುಕೊಂಡು ದಶಕಗಳ ಕಾಲ ಮನಸ್ಸಿನ ಕಾಯಿಲೆ ಬಗ್ಗೆ ಜನರಿಗೆ ತಿಳಿಸಿ ಹೇಳಿದರು. ಆದರೂ ಮನೋವೈದ್ಯರ ಬಾಗಿಲಲ್ಲಿ ಪರಿಚಯದವರು ನೋಡಿಬಿಟ್ಟರೆ ಅನ್ನುವ ಅಳುಕು ಹೋಗಿಲ್ಲ. ಪೊಲೀಸ್ ಕೇಸ್ ಆಗುತ್ತದೆ ಅಂತ ಮುಚ್ಚಿಡುವ ಮನೆಗಳೂ ಇವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಬೇರೆ ಥರ ಸಾಬೀತಾಗದ ಹೊರತು ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರನ್ನು ಶಿಕ್ಷಿಸುವಂತಿಲ್ಲ. ಆರೈಕೆ ಕೊಡುವುದು ಸರ್ಕಾರದ ಕೆಲಸ.

ತಮ್ಮ ಬರಲು ಒಪ್ಪದಿದ್ದರೆ ಮೊದಲು ನೀವೊಬ್ಬರೇ ಶಿವಮೊಗ್ಗದ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಗೋ ನಿಮಗೆ ಗೊತ್ತಿರುವ ಬೇರೆ ಮನೋವೈದ್ಯರ ಹತ್ತಿರವೋ ಹೋಗಿ ಬನ್ನಿ. ತಮ್ಮನ ನಿದ್ದೆ, ಊಟ ಹೇಗಿದೆ, ಕುಡಿತ ಇದೆಯಾ, ಏನೇನು ಮಾತಾಡಿದರು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. 14416ಕ್ಕೂ ನೀವೇ ಮಾಡಬಹುದು, ಮನೆಯವರ ಜೊತೆಗೂ ಅವರು ಮಾತಾಡುತ್ತಾರೆ.