ಅಮೆರಿಕದ ಕಾಲೇಜುಗಳು ಪೆಲ್ ಗ್ರಾಂಟ್‌ಗಾಗಿ ವರ್ಷವರ್ಷವೂ ಸಂಸತ್ತಿನ ಬಾಗಿಲು ಬಡಿಯುವುದೇಕೆ?

ಯೋಜನೆಗೆ ಕಾನೂನಿನ ಬಲವಿದೆ, ಹಣಕ್ಕೆ ಆ ಭರವಸೆಯಿಲ್ಲ, ಅದಕ್ಕೇ. ಕಡಿಮೆ ಆದಾಯದ ಕುಟುಂಬಗಳ ಪದವಿ ವಿದ್ಯಾರ್ಥಿಗಳಿಗೆ ಅಲ್ಲಿನ ಕೇಂದ್ರ ಸರ್ಕಾರ ಕೊಡುವ ಈ ನೆರವು 1972ರಲ್ಲಿ ಹುಟ್ಟಿತು. ಸೆನೆಟರ್ ಕ್ಲೇಬೋರ್ನ್ ಪೆಲ್ ಅವರ ಹೆಸರು ಅಂಟಿದ್ದು 1980ರಲ್ಲಿ. ಇದು ಸಾಲವಲ್ಲ. ಆದರೆ ಗರಿಷ್ಠ ಮೊತ್ತ ಎಷ್ಟೆಂಬುದು ಬಹುಮಟ್ಟಿಗೆ ಆಯಾ ವರ್ಷದ ಬಜೆಟ್ ಮಸೂದೆಯ ಕೈಯಲ್ಲಿದೆ. 2023-24ರಲ್ಲಿ 7,395 ಡಾಲರ್ ಇತ್ತು. ಮುಂದಿನ ಎರಡು ವರ್ಷವೂ ಅಷ್ಟೇ. ಶುಲ್ಕ, ಬಾಡಿಗೆಗಳೇನೂ ಅದಕ್ಕಾಗಿ ಕಾದು ಕೂರಲಿಲ್ಲ. 1970ರ ದಶಕದ ನಡುವಿನಲ್ಲಿ ನಾಲ್ಕು ವರ್ಷದ ಸರ್ಕಾರಿ ಕಾಲೇಜಿನ ಖರ್ಚಿನ ಮುಕ್ಕಾಲು ಪಾಲು ಭರಿಸುತ್ತಿದ್ದ ಗರಿಷ್ಠ ನೆರವು ಈಗ ಮೂರನೆಯ ಒಂದು ಪಾಲಿನ ಆಸುಪಾಸಿಗೆ ಇಳಿದಿದೆ. ಗರಿಷ್ಠ ಮೊತ್ತವನ್ನು ಇಮ್ಮಡಿ ಮಾಡಿ ಎಂಬ ‘ಡಬಲ್ ಪೆಲ್’ ಒತ್ತಾಯದ ಮೂಲ ಇದೇ.

ಕೊಟ್ಟದ್ದನ್ನು ಕಿತ್ತುಕೊಳ್ಳುವುದೂ ಉಂಟು. ಬೇಸಿಗೆ ತರಗತಿಗಳಿಗೆ ಸಿಗುತ್ತಿದ್ದ ಹೆಚ್ಚುವರಿ ಕಂತು 2011ರಲ್ಲಿ ರದ್ದಾಗಿ, 2017ರಲ್ಲಿ ಮರಳಿ ಬಂತು. ಕಾಲೇಜುಗಳಿಗೆ ಸ್ವಾರ್ಥವೂ ಇದೆಯೆನ್ನಿ, ಈ ಹಣ ಬಹುಪಾಲು ಶುಲ್ಕವಾಗಿ ಅವುಗಳ ಖಜಾನೆಗೇ ಸೇರುತ್ತದೆ.

ಇಲ್ಲಿಂದ ವಿದ್ಯಾರ್ಥಿ ವೀಸಾದಲ್ಲಿ ಹೋದವರಿಗೆ ಇದು ಸಿಗುವುದಿಲ್ಲ. ಅಲ್ಲಿನ ಕನ್ನಡಿಗರ ಮಕ್ಕಳು, ತಮಗೆ ಗ್ರೀನ್ ಕಾರ್ಡ್ ಇದ್ದರೆ, ‘ಫ್ಯಾಫ್ಸಾ’ ಎಂಬ ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವಿನ ಅರ್ಜಿ ತುಂಬಿ ಕೇಳಬಹುದು. ಮನೆಯ ಆದಾಯ ನೋಡಿ ನಿರ್ಧಾರವಾಗುತ್ತದೆ.